ಕೆಲಸವರಿತು ಭಾಷೆ

ಬಂಟ್ವಾಳವೆಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆಯೆಂದು ಶಾಲೆಯ ಮಗುವನ್ನು ಕೇಳಿದರೆ, ಬಂ, ಟ್ವಾ, ಳ ಎಂದು ಬೆರಳು ಮಡಿಸಿ 3 ಎಂದೀತು. ಪೈಥಾನ್ ಭಾಷೆಯನ್ನು ಕೇಳಿದರೆ 7 ಎನ್ನುವುದು. ಡೆನಿಸ್ ರಿಚಿ 1972ರ ಸುಮಾರಿಗೆ ನಿರ್ಮಿಸಿದ ಸಿ ಭಾಷೆಯಾದರೋ, ಯುಟಿಎಫ್-8ರಲ್ಲಿ ಬರೆದಿರುವ ಅದೇ ಹೆಸರನ್ನು ಅಳೆದು 21 ಎನ್ನುವುದು. ಬೆಳ್ತಂಗಡಿಗೆ ಈ ಲೆಕ್ಕ 4, 9, 27. ಮೂಡುಬಿದಿರೆಗೆ 5, 10, 30. ಇವುಗಳಲ್ಲಿ ಯಾವುದೂ ತಪ್ಪಲ್ಲ. ಮಗು ಎಣಿಸಿದ್ದು ಉಚ್ಚಾರದ ಅಕ್ಷರಗಳನ್ನು. ಪೈಥಾನ್ ಎಣಿಸಿದ್ದು ಅನುಸ್ವಾರ, ಹಲಂತ, ದೀರ್ಘಗಳನ್ನೂ ಬೇರೆಬೇರೆಯಾಗಿ ಹಿಡಿಯುವ ಯುನಿಕೋಡ್ ಸಂಕೇತಗಳನ್ನು. ಸಿ ಎಣಿಸಿದ್ದು ಬೈಟುಗಳನ್ನು.

ಯಾವ ಭಾಷೆಗೆ ಸಂಬಳ ಹೆಚ್ಚೆಂದು ಮಿಜಾರಿನ ಇಂಜಿನಿಯರಿಂಗ್ ಕಾಲೇಜುಗಳ ತರುಣರು ವಿಚಾರಿಸುವುದು ಸಹಜವೇ ಸರಿ. ಆದರೆ ಭಾಷೆಯ ಕೀರ್ತಿಯನ್ನು ವಿಚಾರಿಸುವುದಕ್ಕೆ ಮುನ್ನ, ಹಿಡಿದ ಕೆಲಸದಲ್ಲಿ 'ಒಂದು' ಎಂದೆಣಿಸತಕ್ಕದ್ದು ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೂಡುಬಿದಿರೆಯ ಜೈನಮಠದಲ್ಲಿಯೂ ಧರ್ಮಸ್ಥಳದಲ್ಲಿಯೂ ತಾಳೆಗರಿಯ ಗ್ರಂಥಗಳು ಸುರಕ್ಷಿತವಾಗಿವೆ. ಇಂತಹ ಹಸ್ತಪ್ರತಿಗಳಿಗೆ ಸೂಚಿಯನ್ನು ರಚಿಸಹೊರಟವನು ತಿಗಳಾರಿ ಲಿಪಿಯನ್ನೂ ಎದುರಿಸಬೇಕಾದೀತು. 2024ರ ಯುನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನವೇನೋ ದೊರೆತಿದೆ. ಆದರೆ ಆ ಸ್ಥಾನವು ಮೊದಲ 65,536 ಸಂಕೇತಗಳ ಆಚೆಗಿರುವುದರಿಂದ, ಜಾವಾ ಮತ್ತು ಜಾವಾಸ್ಕ್ರಿಪ್ಟ್ ಅದರ ಒಂದೊಂದು ಸಂಕೇತವನ್ನೂ ಎರಡೆಂದು ಎಣಿಸುತ್ತವೆ, ಅಜಾಗರೂಕತೆಯಿಂದ ಕತ್ತರಿಸಿದೆವಾದರೆ ಅಕ್ಷರವೇ ನಡುವೆ ಮುರಿದುಹೋಗುತ್ತದೆ. ಪೈಥಾನ್ 3 ಅದನ್ನು ಒಂದೆಂದೇ ಬಗೆಯುವುದು. ಒತ್ತಕ್ಷರಗಳನ್ನು ಕೂಡಿಸಿ ನೋಡುವ ನಿಯಮವನ್ನು ನಾವೇ ಬರೆಯಬೇಕಾದರೂ, ಈ ಕಾರ್ಯಕ್ಕೆ ನಾನು ಪೈಥಾನನ್ನು ನಿಸ್ಸಂಕೋಚವಾಗಿ ವರಿಸುವೆನು.

ಬಂಟ್ವಾಳದ ಅಡಿಕೆ ತೋಟದಲ್ಲಿ ಮಣ್ಣಿನ ತೇವವನ್ನು ಅಳೆದು ಪಂಪು ನಡೆಸುವ ಸಣ್ಣ ಫಲಕಕ್ಕೆ ಆ ಮಾತು ಸಲ್ಲದು. ಅಂತಹ ಫಲಕಗಳಲ್ಲೊಂದಾದ ಆರ್ಡುಯಿನೊ ಊನೊದ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 32 ಕಿಲೋಬೈಟ್, ಕೆಲಸದ ಸ್ಮೃತಿಗೆ ಕೇವಲ 2 ಕಿಲೋಬೈಟ್. ಅಲ್ಲಿ ಬೈಟೇ ಒಂದು, ಆದುದರಿಂದ ಸಿ ಅಥವಾ ಸಿ++ ಯುಕ್ತ.

ಇನ್ನು ಬೆಳ್ತಂಗಡಿ ಕಡೆಯ ಹಾಲಿನ ಸೊಸೈಟಿಯ ಲೆಕ್ಕ. ಇಲ್ಲಿ ಪೈಸೆಯೇ ಒಂದು. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವುದು 0.30000000000000004, ದಶಮಾಂಶವನ್ನು ದ್ವಿಮಾನದಲ್ಲಿ ಹಿಡಿದಿಡುವಾಗ ಉಳಿಯುವ ಈ ಶೇಷವು ಚಿತ್ರ ಬಿಡಿಸುವವನಿಗೆ ನಗಣ್ಯ, ಹಾಲು ಹಾಕಿದವರ ಖಾತೆ ಬರೆಯುವವನಿಗೆ ಅಕ್ಷಮ್ಯ. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಡಬೇಕು, ಇಲ್ಲವೆ ದಶಮಾಂಶವನ್ನೇ ಬಲ್ಲ ಡೇಟಾಬೇಸಿಗೆ ಒಪ್ಪಿಸಿ ಎಸ್‌ಕ್ಯೂಎಲ್‌ನಿಂದ ಕೂಡಿಸಬೇಕು. 1959ರಲ್ಲಿ ವ್ಯವಹಾರದ ಲೆಕ್ಕಕ್ಕೆಂದೇ ರೂಪುಗೊಳ್ಳತೊಡಗಿದ ಕೊಬಾಲ್ ಈ ಸೂಕ್ಷ್ಮವನ್ನು ಅಂದೇ ಅರಿತಿತ್ತೆಂಬುದು ನನಗೆ ಇಂದಿಗೂ ಗೌರವದ ವಿಷಯ.

ಆದರೂ ಆ ಸೊಸೈಟಿಗೆ ನಾನು ಕೊಬಾಲನ್ನು ಸೂಚಿಸಲಾರೆ. ಬರೆದವನು ಬೆಂಗಳೂರಿಗೆ ಹೊರಟುಹೋದ ಮೇಲೆ, ಬಟವಾಡೆಯ ದಿನ ಲೆಕ್ಕ ಕೈಕೊಟ್ಟರೆ, ಉಜಿರೆಯಲ್ಲಿ ಓದುವ ಹುಡುಗಿಯೊಬ್ಬಳು ಬಂದು ಪ್ರೋಗ್ರಾಮನ್ನು ಓದಿ ಸಂಜೆಯೊಳಗೆ ಸರಿಪಡಿಸುವಂತಿರಬೇಕು. ಅವಳು ಬಲ್ಲ ಭಾಷೆ ಪಿಎಚ್‌ಪಿಯಾದರೆ ಪಿಎಚ್‌ಪಿಯೇ ಆಗಲಿ, ಪೈಸೆ ಮಾತ್ರ ಪೂರ್ಣಾಂಕದಲ್ಲಿರಲಿ.