ಎಂ.ಬಿ.ಎ. ಪದವಿಯೂ ಶ್ರಾವಕಾಚಾರವೂ

ನಮ್ಮ ಬಸದಿ ಟ್ರಸ್ಟುಗಳಿಗೂ ಸಮಾಜದ ವಿದ್ಯಾನಿಧಿಗಳಿಗೂ ಪ್ರತಿವರ್ಷ ಬರುವ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಎಂ.ಬಿ.ಎ. ವ್ಯಾಸಂಗಕ್ಕೆ ನೆರವು ಕೋರುವವು ಕಡಮೆಯೇನಲ್ಲ. ಅಹಮದಾಬಾದು, ಬೆಂಗಳೂರುಗಳ ಹೆಸರಾಂತ ಸಂಸ್ಥೆಗಳಲ್ಲಿ ಎರಡು ವರ್ಷದ ಶುಲ್ಕವೇ 20 ಲಕ್ಷ ರೂಪಾಯಿಗಳನ್ನು ಮೀರಿದೆ. ಮಧ್ಯಮವರ್ಗದ ತಂದೆಯೊಬ್ಬ ಇಷ್ಟು ಹಣವನ್ನು ಹೊಂದಿಸಲಾರದೆ ಸಮಾಜದತ್ತ ನೋಡುವುದು ಸಹಜ. ಆದರೆ ನಿಧಿಯಲ್ಲಿರುವುದು ದಾನಿಗಳ ಹಣ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಒಂದನ್ನು ಮಾಡುತ್ತಿದ್ದೇವೆಂಬ ಭಾವನೆಯಿಂದ ಅವರು ಕೊಟ್ಟದ್ದು. ಆದುದರಿಂದ ಟ್ರಸ್ಟಿಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ವ್ಯಾಪಾರ ನಿರ್ವಹಣೆಯ ಈ ವಿದ್ಯೆಗೆ ಕೊಟ್ಟ ಹಣ ಶಾಸ್ತ್ರದಾನವೆನಿಸುತ್ತದೆಯೇ, ಅಥವಾ ಒಬ್ಬ ಯುವಕನ ಮುಂದಿನ ಸಂಬಳದ ಮೇಲೆ ಹೂಡಿದ ಬಂಡವಾಳವಷ್ಟೇ ಆಗುತ್ತದೆಯೇ? ಆ ವಿದ್ಯೆಯ ಒಳಗನ್ನು ನೋಡದೆ ಉತ್ತರ ಹೇಳುವುದು ಸರಿಯಲ್ಲ.

ಮೊದಲಿಗೇ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ವಾಣಿಜ್ಯವೆಂದರೆ ಪಾಪದ ಕಸುಬು ಎಂಬ ಮಾತು ನಮ್ಮ ಪರಂಪರೆಯದಲ್ಲ. ಭಗವಾನ್ ವೃಷಭನಾಥರು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ಶಿಲ್ಪಗಳೊಡನೆ ವಾಣಿಜ್ಯವೂ ಸೇರಿದೆಯೆಂಬುದನ್ನು ಆದಿಪುರಾಣದ ಕಥೆಯನ್ನು ಬಲ್ಲವರೆಲ್ಲ ಬಲ್ಲರು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ಪೂಜೆ, ದಾನಗಳ ಮಾತು ಆಮೇಲೆ. ಕರ್ನಾಟಕದ ಜೈನರಲ್ಲಿ ಒಕ್ಕಲುತನದವರೇ ಹೆಚ್ಚು ಎಂಬುದು ನಿಜ. ಆದರೂ ಬೆಳಗಾವಿ ಸೀಮೆಯ ರೈತನ ಮಗ ವ್ಯಾಪಾರದ ವಿದ್ಯೆ ಕಲಿಯಬಾರದೆಂದು ಯಾವ ಶ್ರಾವಕಾಚಾರವೂ ಹೇಳದು. ನಮ್ಮ ವಿಮರ್ಶೆ ಆ ವಿದ್ಯೆಯ ಉದ್ದೇಶ ಮತ್ತು ರಚನೆಯ ಕುರಿತದ್ದು.

ಉದ್ದೇಶವನ್ನು ತಿಳಿಯಲು ಹುಟ್ಟನ್ನು ನೋಡಬೇಕು. 1881ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊದಲ ವಾಣಿಜ್ಯ ಶಾಲೆಗೆ ಹಣವಿತ್ತ ಜೋಸೆಫ್ ವಾರ್ಟನ್ ಕ್ವೇಕರ್ ಪಂಥದವನು. ಯುದ್ಧವನ್ನು ಒಲ್ಲದ, ಸರಳತೆಯನ್ನು ವ್ರತವಾಗಿ ಹಿಡಿದ, ಒಂದೇ ಬೆಲೆಯ ಪ್ರಾಮಾಣಿಕ ವ್ಯಾಪಾರಕ್ಕೆ ಹೆಸರಾದ ಆ ಸಣ್ಣ ಪಂಥವನ್ನು ನೆನೆದಾಗ ಜೈನ ಓದುಗರಿಗೆ ಏನೋ ಪರಿಚಿತವಾದುದನ್ನು ಕಂಡಂತಾಗುತ್ತದೆ. 1908ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಎರಡು ವರ್ಷದ ಎಂ.ಬಿ.ಎ. ವ್ಯಾಸಂಗವನ್ನು ಆರಂಭಿಸಿದಾಗಲೂ ಇಂಥದೇ ಆಶಯವಿತ್ತು. ವೈದ್ಯನಂತೆ, ವಕೀಲನಂತೆ ಸಮಾಜಕ್ಕೆ ಹೊಣೆಯಾದ ವೃತ್ತಿಗಾರನನ್ನು ರೂಪಿಸಬೇಕೆಂಬುದು ಅದು. ಆ ಆಶಯ ಹೇಗೆ ಕ್ಷೀಣಿಸಿತೆಂಬುದನ್ನು ಅಲ್ಲಿಯದೇ ಪ್ರಾಧ್ಯಾಪಕ ರಾಕೇಶ್ ಖುರಾನಾ 2007ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. 1959ರಲ್ಲಿ ಹೊರಬಂದ ಎರಡು ದೊಡ್ಡ ವರದಿಗಳು ಈ ಶಾಲೆಗಳ ಪಾಠದಲ್ಲಿ ಶಾಸ್ತ್ರೀಯತೆ ಸಾಲದೆಂದು ಟೀಕಿಸಿದವು. ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರಗಳು ಒಳಬಂದವು. ಅದು ಒಳ್ಳೆಯದೇ ಆಯಿತು. ಆದರೆ 1970ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಬರೆದ ಪ್ರಸಿದ್ಧ ಲೇಖನದ ತರುವಾಯ ಷೇರುದಾರರ ಲಾಭವನ್ನು ಹೆಚ್ಚಿಸುವುದೇ ಸಂಸ್ಥೆಯ ಹೊಣೆ ಎಂಬ ವಾದ ಪಾಠದ ಕೊಠಡಿಗಳಲ್ಲಿ ಬೇರುಬಿಟ್ಟಿತು. ವೃತ್ತಿಗಾರನನ್ನು ಮಾಡಹೊರಟ ಶಾಲೆ ಷೇರುದಾರರ ಕಾರಭಾರಿಯನ್ನು ಮಾಡಿ ಕಳುಹಿಸತೊಡಗಿತು.

ನಮ್ಮ ದೇಶದಲ್ಲಿ ಈ ಕಥೆಗೆ ಜೈನ ಸಮಾಜದ ನೇರ ಸಂಬಂಧವಿದೆಯೆಂಬುದು ಅನೇಕರಿಗೆ ತಿಳಿಯದು. 1961ರಲ್ಲಿ ಕಲ್ಕತ್ತೆಯಲ್ಲಿಯೂ ಅಹಮದಾಬಾದಿನಲ್ಲಿಯೂ ಭಾರತೀಯ ನಿರ್ವಹಣಾ ಸಂಸ್ಥೆಗಳು ಸ್ಥಾಪನೆಯಾದವು. ಅಹಮದಾಬಾದಿನದನ್ನು ಕಟ್ಟಿದವರಲ್ಲಿ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಮತ್ತು ಗಿರಣಿ ಮಾಲೀಕ ಕಸ್ತೂರಭಾಯಿ ಲಾಲ್‌ಭಾಯಿ ಪ್ರಮುಖರು. ಇಬ್ಬರೂ ಜೈನ ಮನೆತನಗಳವರು. ಕಸ್ತೂರಭಾಯಿಯವರು ಶ್ವೇತಾಂಬರ ಸಮಾಜದ ಆನಂದಜಿ ಕಲ್ಯಾಣಜಿ ಪೇಢಿಯ ಅಧ್ಯಕ್ಷರಾಗಿ ದಶಕಗಳ ಕಾಲ ದುಡಿದವರು. ರಾಣಕಪುರದಂತಹ ಮಂದಿರಗಳ ಜೀರ್ಣೋದ್ಧಾರವನ್ನು ಶಿಲ್ಪದ ಮೂಲರೂಪ ಕೆಡದಂತೆ ಮಾಡಿಸಿದವರು. ಮಂದಿರದ ಲೆಕ್ಕ ಬರೆಯಿಸಿದ ಕೈಯೇ ನಿರ್ವಹಣಾ ಶಾಲೆಗೂ ಅಡಿಗಲ್ಲಿಟ್ಟಿತು. ಹಾರ್ವರ್ಡಿನ ಸಹಕಾರದಿಂದ 1964ರಲ್ಲಿ ಅಲ್ಲಿ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗ ಮೊದಲಾಯಿತು. ಬೆಂಗಳೂರಿನ ಸಂಸ್ಥೆ 1973ರದು. ಇವೆಲ್ಲ ಬಹುಕಾಲ ಡಿಪ್ಲೊಮಾವನ್ನೇ ನೀಡುತ್ತಿದ್ದು, 2017ರ ಕಾಯಿದೆಯ ಬಳಿಕವೇ ಪದವಿ ಕೊಡುವ ಅಧಿಕಾರ ಪಡೆದವು.

ಇನ್ನು ರಚನೆ. ಮೊದಲ ವರ್ಷ ಎಲ್ಲರಿಗೂ ಸಮಾನವಾದ ಕಡ್ಡಾಯ ಪಾಠಗಳು: ಲೆಕ್ಕಪತ್ರ, ಹಣಕಾಸು, ಮಾರಾಟ, ಉತ್ಪಾದನೆ, ಸಿಬ್ಬಂದಿ ನಿರ್ವಹಣೆ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ. ಬೇಸಿಗೆಯಲ್ಲಿ ಯಾವುದಾದರೊಂದು ಕಂಪನಿಯಲ್ಲಿ ಕೆಲವು ವಾರಗಳ ತರಬೇತಿ. ಎರಡನೆಯ ವರ್ಷ ಐಚ್ಛಿಕ ವಿಷಯಗಳು, ಕೊನೆಗೆ ಪ್ಲೇಸ್‌ಮೆಂಟ್. ಬೋಧನೆಯ ಕ್ರಮದಲ್ಲಿ ವಿಶೇಷವಾದುದು ‘ಕೇಸ್’ ಪದ್ಧತಿ. ಹಾರ್ವರ್ಡ್ ಇದನ್ನು ಕಾನೂನು ಶಾಲೆಯಿಂದ ಎರವಲು ಪಡೆದು ಬೆಳೆಸಿತು. ಅಹಮದಾಬಾದು ಅದನ್ನು ಅಲ್ಲಿಂದ ತಂದಿತು. ನಿಜವಾದ ಒಂದು ಸಂಸ್ಥೆಯ ನಿಜವಾದ ಸಂಕಟವನ್ನು ಬರೆದುಕೊಟ್ಟು, ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳುವುದು ಅದರ ಜೀವಾಳ. ತರಗತಿಯಲ್ಲಿ ಎಪ್ಪತ್ತು ಮಂದಿ ಎಪ್ಪತ್ತು ಬಗೆಯಾಗಿ ವಾದಿಸುತ್ತಾರೆ.

ಇದನ್ನು ಕಂಡು ನಮ್ಮ ಕೆಲವು ವಿದ್ವಾಂಸರು ಅನೇಕಾಂತವನ್ನು ನೆನೆಯುವುದುಂಟು. ಹೋಲಿಕೆ ಪೂರ್ತಿ ಸುಳ್ಳಲ್ಲ. ಒಂದೇ ವಸ್ತುವಿನ ಅನೇಕ ಧರ್ಮಗಳನ್ನು ಕಾಣಲು, ಎದುರಾಳಿಯ ಮಾತಿನಲ್ಲಿಯೂ ಅಂಶಿಕ ಸತ್ಯವನ್ನು ಒಪ್ಪಲು ಈ ಪದ್ಧತಿ ಕಲಿಸುತ್ತದೆ; ಗಿಳಿಪಾಠದ ನಮ್ಮ ಕಾಲೇಜುಗಳಲ್ಲಿ ದೊರೆಯದ ಲಾಭವಿದು. ಆದರೆ ಕೇಸುಗಳನ್ನು ಸಾಲಾಗಿ ಓದಿದರೆ ಒಂದು ಸಂಗತಿ ಗೋಚರಿಸುತ್ತದೆ. ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಕೂರಿಸುವುದು ಒಂದೇ ಕುರ್ಚಿಯಲ್ಲಿ, ಅಂದರೆ ನಿರ್ಧಾರ ಕೈಗೊಳ್ಳುವ ವ್ಯವಸ್ಥಾಪಕನ ಕುರ್ಚಿಯಲ್ಲಿ. ಕೆಲಸ ಕಳೆದುಕೊಳ್ಳಲಿರುವ ನೇಯ್ಗೆಯವನ ಸ್ಥಾನದಿಂದ, ಠೇವಣಿಯಿಟ್ಟ ವಿಧವೆಯ ಸ್ಥಾನದಿಂದ, ಕಾರ್ಖಾನೆಯ ಕೆಳಗಿನ ಹೊಳೆಯ ನೀರನ್ನು ಕುಡಿಯುವವನ ಸ್ಥಾನದಿಂದ ಬರೆದ ಕೇಸು ಅಪರೂಪ. ಎಪ್ಪತ್ತು ಅಭಿಪ್ರಾಯಗಳಿದ್ದರೂ ನಯವೊಂದೇ ಆದರೆ ಅದನ್ನು ಅನೇಕಾಂತವೆನ್ನಲು ಬಾರದು. ಮಿಕ್ಕ ನಯಗಳನ್ನು ಅಲ್ಲಗಳೆದ ನಯವನ್ನು ನಮ್ಮ ನ್ಯಾಯಶಾಸ್ತ್ರ ದುರ್ನಯವೆಂದು ಕರೆದಿದೆ.

ಎರಡನೆಯ ಆಕ್ಷೇಪ ಇದಕ್ಕಿಂತಲೂ ಗುರುತರವಾದುದು. ನೀತಿ ಈ ರಚನೆಯಲ್ಲಿ ಎಲ್ಲಿದೆ? ಅನೇಕ ಸಂಸ್ಥೆಗಳಲ್ಲಿ ಅದಕ್ಕೊಂದು ಪ್ರತ್ಯೇಕ ಪತ್ರಿಕೆಯಿದೆ, ಬಹುಮಟ್ಟಿಗೆ ಅದು ಸಣ್ಣದು. ಲೆಕ್ಕಪತ್ರದ ತರಗತಿಯಲ್ಲಿ ಲೆಕ್ಕ, ಮಾರಾಟದ ತರಗತಿಯಲ್ಲಿ ಮಾರಾಟ, ನೀತಿಯ ತರಗತಿಯಲ್ಲಿ ನೀತಿ. ನಮ್ಮ ಆಚಾರ್ಯರು ಅಣುವ್ರತಗಳನ್ನು ಬೋಧಿಸಿದ ಕ್ರಮ ಹೀಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎಷ್ಟೊಂದು ಅಂಗಡಿಯ ಒಳಗಿನವು ಎಂಬುದನ್ನು ಗಮನಿಸಿರಿ. ಸತ್ಯಾಣುವ್ರತದಲ್ಲಿ ಬರುವ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಲೆಕ್ಕಪತ್ರದ ಮಾತು. ನ್ಯಾಸಾಪಹಾರ, ಎಂದರೆ ನಂಬಿ ಇಟ್ಟ ನಿಕ್ಷೇಪವನ್ನು ನುಂಗುವುದು, ಹಣಕಾಸಿನ ಮಾತು. ಅಚೌರ್ಯದಲ್ಲಿ ಬರುವ ಹೀನಾಧಿಕಮಾನೋನ್ಮಾನ ಕೊಳ್ಳುವ ಅಳತೆ ಒಂದು, ಕೊಡುವ ಅಳತೆ ಇನ್ನೊಂದು ಎಂಬ ಮೋಸ. ಪ್ರತಿರೂಪಕ ವ್ಯವಹಾರ ಒಳ್ಳೆಯದರ ಹೆಸರಿನಲ್ಲಿ ಕೀಳನ್ನು ಮಾರುವುದು. ನೀತಿ ಇಲ್ಲಿ ತಕ್ಕಡಿಯಲ್ಲಿಯೇ ಇದೆ, ಕಡತದಲ್ಲಿಯೇ ಇದೆ. ಅದಕ್ಕೆ ಬೇರೆ ಕೊಠಡಿ ಕೊಟ್ಟಿಲ್ಲ.

ಬೇರೆ ಕೊಠಡಿ ಕೊಟ್ಟರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2009ರ ಜನವರಿಯಲ್ಲಿ ಹೈದರಾಬಾದಿನ ಕಂಪ್ಯೂಟರ್ ಕಂಪನಿಯೊಂದರ ಅಧ್ಯಕ್ಷರು, ತಮ್ಮ ಪುಸ್ತಕಗಳಲ್ಲಿ ಏಳು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಸುಳ್ಳು ಲೆಕ್ಕ ಬರೆದಿರುವುದಾಗಿ ತಾವೇ ಪತ್ರ ಬರೆದು ಒಪ್ಪಿಕೊಂಡರು. ಆ ಕಂಪನಿಯ ಹೆಸರು ಸತ್ಯಂ. ಆ ಅಧ್ಯಕ್ಷರು ಅಮೆರಿಕದಲ್ಲಿ ಎಂ.ಬಿ.ಎ. ಪಡೆದವರು, ನಿರ್ದೇಶಕ ಮಂಡಳಿಯಲ್ಲಿ ನಿರ್ವಹಣಾ ಶಾಸ್ತ್ರದ ಹೆಸರಾಂತ ಪ್ರಾಧ್ಯಾಪಕರೂ ಇದ್ದರು. ಪ್ರಾಧ್ಯಾಪಕರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಅವರ ಕಣ್ಣಿಗೂ ಕೂಟಲೇಖ ಬೀಳಲಿಲ್ಲವೆಂಬುದನ್ನು ಹೇಳಬೇಕಾಗಿದೆ, ಅಷ್ಟೆ. ಅದೇ ವರ್ಷ, ಜಗತ್ತಿನ ಹಣಕಾಸು ಕುಸಿದ ಹಿನ್ನೆಲೆಯಲ್ಲಿ, ಹಾರ್ವರ್ಡಿನ ವಿದ್ಯಾರ್ಥಿಗಳು ತಾವಾಗಿಯೇ ಒಂದು ಪ್ರತಿಜ್ಞೆಯನ್ನು ರಚಿಸಿ ಸಹಿ ಹಾಕಿದರು. ಅವರ ಮನಸ್ಸು ಶುದ್ಧವಾದುದೇ. ಆದರೆ ಅದು ಕಲಿಕೆ ಮುಗಿದು ಬಾಗಿಲು ದಾಟುವಾಗ ಹೇಳುವ ಮಾತು. ಏನು ಮಾಡಿದರೆ ವ್ರತ ಮಾಸುತ್ತದೆ, ಏನು ಮಾಡಿದರೆ ಮುರಿಯುತ್ತದೆ, ಮಾಸಿದಾಗ ಯಾರ ಮುಂದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತ ಪಡೆಯಬೇಕು ಎಂಬ ವಿವರವಿಲ್ಲದ ಪ್ರತಿಜ್ಞೆ ಎಷ್ಟು ಕಾಲ ಕಾಯಬಲ್ಲದು?

ಪರಿಗ್ರಹ ಪರಿಮಾಣದ ವಿಷಯಕ್ಕೆ ಬಂದರೆ ಈ ಪದವಿಯ ನಿಜವಾದ ಕೊರತೆ ಕಾಣುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ನಮ್ಮ ಮನೆಮನೆಗಳಲ್ಲಿ ಸ್ವಾಧ್ಯಾಯಕ್ಕೆ ಇರುವ ಗ್ರಂಥ. ಅದರಲ್ಲಿ ಈ ವ್ರತದ ಅತಿಚಾರಗಳಾಗಿ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂಬ ಐದನ್ನು ಹೇಳಿದೆ. ಲಾಭದಾಸೆಗೆ ಎತ್ತುಗಳನ್ನು ಶಕ್ತಿಮೀರಿ ದೂರ ಹೊಡೆಯುವುದು ಅತಿವಾಹನ. ಬೆಲೆ ಏರಲೆಂದು ಧಾನ್ಯವನ್ನು ಕೂಡಿಡುವುದು ಅತಿಸಂಗ್ರಹ. ತಾನು ಮಾರಿದ ಸರಕಿನಿಂದ ಮುಂದೆ ಇನ್ನೊಬ್ಬನಿಗೆ ಹೆಚ್ಚು ಲಾಭ ಬಂದುದನ್ನು ಕಂಡು ಮನಸ್ಸು ಕದಡುವುದು ವಿಸ್ಮಯ. ಎತ್ತಿನ ಜಾಗದಲ್ಲಿ, ನಿಮಿಷಗಳ ಲೆಕ್ಕದಲ್ಲಿ ಮನೆಮನೆಗೆ ಸರಕು ಮುಟ್ಟಿಸುವ ಹುಡುಗನನ್ನಿಟ್ಟು ನೋಡಿದರೆ ಅತಿವಾಹನ ಹಳೆಯ ಮಾತೆನಿಸದು. ಆದರೆ ವಿಸ್ಮಯವೇ ನನ್ನನ್ನು ಹೆಚ್ಚು ಕಾಡುವುದು. ಪ್ಲೇಸ್‌ಮೆಂಟಿನ ವಾರದಲ್ಲಿ ಸಹಪಾಠಿಗೆ ದೊರೆತ ಸಂಬಳದ ಅಂಕಿಯನ್ನು ಕೇಳಿ, ತನಗೆ ದೊರೆತದ್ದು ಸಾಕಷ್ಟಿದ್ದರೂ ಕುಗ್ಗಿಹೋಗುವ ಯುವಕನ ಸ್ಥಿತಿಗೆ ಇದಕ್ಕಿಂತ ತಕ್ಕ ಶಬ್ದವಿಲ್ಲ. ಎರಡು ವರ್ಷಗಳ ಪಾಠದಲ್ಲಿ ಎಲ್ಲವನ್ನೂ ಅಳೆಯಲು ಕಲಿತವನಿಗೆ ‘ಎಷ್ಟಾದರೆ ಸಾಕು?’ ಎಂಬ ಪ್ರಶ್ನೆಯನ್ನು ಯಾವ ಪತ್ರಿಕೆಯೂ ಕೇಳಲಿಲ್ಲ. ಪರಿಮಾಣ ವ್ರತವೆಂದರೆ ಗಳಿಸಬಾರದೆಂದಲ್ಲ. ಗಳಿಸುವ ಮೊದಲೇ ಮಿತಿಯನ್ನು ತಾನೇ ನಿಶ್ಚಯಿಸಿಕೊಳ್ಳುವುದು.

ಈ ವಿದ್ಯೆಯಿಂದ ಬೇರೆ ಫಲ ಸಾಧ್ಯವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅಹಮದಾಬಾದಿನ ಸಂಸ್ಥೆಗೆ 1965ರಲ್ಲಿ ಪೂರ್ಣಕಾಲಿಕ ನಿರ್ದೇಶಕರಾಗಿ ಬಂದ ರವಿ ಮತ್ತಾಯ್, 1972ರಲ್ಲಿ ಆ ಹುದ್ದೆಯನ್ನು ತಾವಾಗಿಯೇ ಬಿಟ್ಟು ಅದೇ ಸಂಸ್ಥೆಯಲ್ಲಿ ಸಾಮಾನ್ಯ ಪ್ರಾಧ್ಯಾಪಕರಾಗಿ ಉಳಿದರು. ಕುರ್ಚಿಗೆ ಅಂಟಿಕೊಂಡ ನಮ್ಮ ಸಂಘ-ಸಂಸ್ಥೆಗಳ ಆಜೀವ ಅಧ್ಯಕ್ಷರು ಈ ಸಂಗತಿಯನ್ನು ಒಮ್ಮೆ ಮನನ ಮಾಡಬಹುದು. ಆಮೇಲೆ ಅವರು ರಾಜಸ್ಥಾನದ ಜವಾಜಾ ಎಂಬ ಬರಪೀಡಿತ ಪ್ರದೇಶಕ್ಕೆ ಹೋಗಿ, ಅಲ್ಲಿನ ನೇಕಾರರೊಡನೆಯೂ ಚರ್ಮದ ಕೆಲಸದವರೊಡನೆಯೂ ಕುಳಿತು, ತಮ್ಮ ಸರಕಿನ ಲೆಕ್ಕ, ಬೆಲೆ, ಮಾರಾಟಗಳನ್ನು ಅವರೇ ನಡೆಸಿಕೊಳ್ಳುವಂತೆ ಕಲಿಸುವ ಪ್ರಯೋಗ ಕೈಗೊಂಡರು. ಚರ್ಮದ ಮಾತು ಬಂದಾಗ ನಮ್ಮಲ್ಲಿ ಕೆಲವರು ಮುಖ ತಿರುಗಿಸುವುದುಂಟು. ಅಹಿಂಸೆಯ ದೃಷ್ಟಿಯಿಂದ ಆ ಸಂಕೋಚಕ್ಕೆ ಕಾರಣವೂ ಇದೆ. ಆದರೂ ಹಾರ್ವರ್ಡಿನಿಂದ ಬಂದ ಪಾಠವನ್ನು ವ್ಯವಸ್ಥಾಪಕನ ಕುರ್ಚಿಯಿಂದ ಇಳಿಸಿ ಮಗ್ಗದ ಬಳಿ ಕೂರಿಸಲು ಸಾಧ್ಯವೆಂದು ತೋರಿಸಿಕೊಟ್ಟದ್ದನ್ನು ಮರೆಯಲಾಗದು.

ಆದುದರಿಂದ ಟ್ರಸ್ಟುಗಳು ಈ ವ್ಯಾಸಂಗಕ್ಕೆ ನೆರವನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ. ಯಾವ ಸಂಸ್ಥೆಯ ಪಾಠಪಟ್ಟಿಯಲ್ಲಿ ಏನಿದೆಯೆಂದು ತಿಳಿದು ಕೊಡಬೇಕು. ಹಣದೊಡನೆ ರತ್ನಕರಂಡಕದ ಒಂದು ಪ್ರತಿಯನ್ನು ಶಾಲು-ಹಾರಗಳ ಸಮಾರಂಭದಲ್ಲಿ ಕೈಗಿತ್ತು ಮರೆಯುವ ಬದಲು, ರಜೆಯಲ್ಲಿ ಬಂದಾಗ ಅತಿಚಾರಗಳನ್ನು ಅವರ ಕೇಸುಗಳೊಡನೆ ಇಟ್ಟು ಓದಿಸಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಓದಿಸಬಲ್ಲ ಒಬ್ಬ ಪಂಡಿತರೂ ಒಬ್ಬ ಲೆಕ್ಕಪರಿಶೋಧಕರೂ ಇದ್ದರೆ ಸಾಕು.

ಹೀಗೆ ಬರೆಯುವಾಗ ಒಂದು ಘಟನೆಯನ್ನು ಮುಚ್ಚಿಡುವುದು ಸಲ್ಲದು. ನಾನು ಸದಸ್ಯನಾಗಿರುವ ವಿದ್ಯಾನಿಧಿಯೊಂದರ ಸಂದರ್ಶನಕ್ಕೆ ಈ ವರ್ಷ ಒಬ್ಬ ಹೆಣ್ಣುಮಗಳು ಬಂದಿದ್ದಳು. ನಮ್ಮ ಪ್ರಶ್ನೆಗಳಿಗೆಲ್ಲ ವಿನಯದಿಂದ ಉತ್ತರಿಸಿ, ಕೊನೆಯಲ್ಲಿ, “ಲೆಕ್ಕಪತ್ರದ ಅಭ್ಯಾಸಕ್ಕೆಂದು ನಿಧಿಯ ಕಳೆದ ಐದು ವರ್ಷಗಳ ಲೆಕ್ಕದ ಪುಸ್ತಕಗಳನ್ನು ನೋಡಬಹುದೇ?” ಎಂದು ಕೇಳಿದಳು. ಹಿರಿಯರೊಬ್ಬರು ನಕ್ಕರು, ಇನ್ನೊಬ್ಬರು ಗಡಿಯಾರ ನೋಡಿದರು. ಪುಸ್ತಕಗಳು ಬೇರೆಡೆ ಇವೆಯೆಂದು ಕಾರ್ಯದರ್ಶಿಗಳು ಹೇಳಿದರು. ನಾನೂ ಸುಮ್ಮನಿದ್ದೆ. ಅವಳ ಅರ್ಜಿ ಮುಂದಿನ ಸಭೆಯಲ್ಲಿ ಮತ್ತೆ ಬರಲಿದೆ. ಅವಳು ಕೇಳಿದ ಪುಸ್ತಕಗಳನ್ನು ಅಂದು ಮೇಜಿನ ಮೇಲೆ ತಂದಿರಿಸಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ.