ಹೆಸರಿಸಿದ ಹಿರಿಯರು, ಹೆಸರಿಸದ ಗುರುಗಳು

1958ರಲ್ಲಿ ಅಮೆರಿಕದ ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಇಸ್ತಾಂಬುಲ್‌ನ ಬೀದಿ ವಾದ್ಯಗಾರರು ಒಂಬತ್ತರ ಲಯದಲ್ಲಿ ನುಡಿಸುವುದನ್ನು ಕೇಳಿದರು. ಎರಡು, ಎರಡು, ಎರಡು, ಮೂರು ಎಂದು ಬಿಡಿಸಿಕೊಳ್ಳುವ ಒಂಬತ್ತು. ಮರುವರ್ಷದ ‘ಟೈಮ್ ಔಟ್’ ಆಲ್ಬಮ್ಮಿನ ‘ಬ್ಲೂ ರೊಂಡೊ ಅ ಲಾ ಟರ್ಕ್’ ಹುಟ್ಟಿದ್ದು ಹೀಗೆ. ಅರವತ್ತರ ದಶಕ ಮುಗಿಯುತ್ತಿದ್ದಾಗ ಲಂಡನ್ನಿನ ‘ದಿ ನೈಸ್’ ಬ್ಯಾಂಡು ಕೀತ್ ಎಮರ್ಸನ್ನರ ಹ್ಯಾಮಂಡ್ ಆರ್ಗನ್ನನ್ನು ಮುಂದಿಟ್ಟುಕೊಂಡು ಅದನ್ನೇ ‘ರೊಂಡೊ’ ಎಂಬ ಹೆಸರಿನಲ್ಲಿ ನುಡಿಸಿತು. ಆದರೆ ಒಂಬತ್ತರ ಎಣಿಕೆ ಹೋಗಿ ಸಾದಾ ನಾಲ್ಕರ ನಡೆ ಬಂದಿತ್ತು. ವೇಗ ಹೆಚ್ಚಿತು, ಆರ್ಗನ್ನಿನ ಗರ್ಜನೆ ಸೇರಿತು. ಮೂಲದಲ್ಲಿ ಕಿವಿಯನ್ನು ಎಡವಿಸಿ ಎಚ್ಚರಿಸುತ್ತಿದ್ದ ಆ ಕೊನೆಯ ಮೂರು ಮಾತ್ರ ಕಾಣೆಯಾಯಿತು.

ಪ್ರೊಗ್ರೆಸಿವ್ ರಾಕ್ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆಗೆ ಈ ಪ್ರಸಂಗ ಹೊಂದುವುದಿಲ್ಲ. ಆ ಕಥೆಯ ಪ್ರಕಾರ 1967ರಲ್ಲಿ ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್’ ತಂದರು, ಮೂಡಿ ಬ್ಲೂಸ್ ತಂಡ ಆರ್ಕೆಸ್ಟ್ರಾ ಜತೆಗೂಡಿ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಮಾಡಿತು, ಪ್ರೊಕೋಲ್ ಹಾರಮ್ ಬಾಖ್‌ನ ನೆರಳಲ್ಲಿ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿತು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಓದಿಕೊಂಡ ಹುಡುಗರು ರಾಕ್ ಸಂಗೀತವನ್ನು ಯುರೋಪಿನ ಶಾಸ್ತ್ರೀಯ ಸಂಗೀತದ ಎತ್ತರಕ್ಕೆ ಕೊಂಡೊಯ್ದರು. ಈ ಸಂಗೀತವನ್ನು ಮೆಚ್ಚಿದವರೂ ಹಳಿದವರೂ ಇದೇ ಕಥೆಯನ್ನು ನಂಬಿದ್ದಾರೆ. ಮೆಚ್ಚಿದವರಿಗೆ ಅದು ಏರಿಕೆ, ಹಳಿದವರಿಗೆ ಬಡಿವಾರ.

ಈ ಬ್ಯಾಂಡುಗಳು ಬಾಯ್ತುಂಬ ಹೆಸರಿಸಿದ ಹಿರಿಯರು ಯುರೋಪಿನವರು ಎಂಬುದು ನಿಜ. ಅವರ ಕೈಗೆ, ಕಾಲಿಗೆ, ಗಂಟಲಿಗೆ ಪಾಠ ಹೇಳಿದವರು ಮಾತ್ರ ಹೆಚ್ಚಾಗಿ ಬೇರೆ ಕಡೆಯವರು: ಅಮೆರಿಕದ ಕಪ್ಪು ಜನರ ಬ್ಲೂಸ್, ಜಾಝ್ ಮತ್ತು ಸೋಲ್ ಕಲಾವಿದರು, ಜತೆಗೆ ಇಂಗ್ಲಿಷ್ ಶಾಲೆಗಳ ಪ್ರಾರ್ಥನಾ ಮಂದಿರ. ಈ ಪಂಥದ ಒಳ್ಳೆಯ ಕೃತಿಗಳನ್ನು ನಿಲ್ಲಿಸಿರುವುದು ಹೆಚ್ಚು ಸದ್ದಿಲ್ಲದೆ ಪಡೆದ ಈ ಎರಡನೆಯ ಪಾಠವೇ ಎಂಬುದು ನನ್ನ ವಾದ. ಮುಂದಿನ ತಲೆಮಾರಿಗೆ ದಾಟಿದ್ದು ಮಾತ್ರ ಮೊದಲನೆಯದು.

ಹೆಸರಿಸಿದ ಹಿರಿಯರಿಂದಲೇ ಆರಂಭಿಸೋಣ. ಕೀತ್ ಎಮರ್ಸನ್ನರ ಮುಂದಿನ ತಂಡ ಎಮರ್ಸನ್, ಲೇಕ್ ಆ್ಯಂಡ್ ಪಾಮರ್ 1970ರಲ್ಲಿ ತಂದ ಮೊದಲ ಆಲ್ಬಮ್ಮಿನ ‘ದಿ ಬಾರ್ಬೇರಿಯನ್’ ಬಾರ್ಟಾಕ್‌ನ ‘ಅಲೆಗ್ರೊ ಬಾರ್ಬರೊ’ದ ಮೇಲೆ ಕಟ್ಟಿದ್ದು. ‘ನೈಫ್ ಎಡ್ಜ್’ನಲ್ಲಿ ಯಾನಾಚೆಕ್‌ನ ‘ಸಿನ್ಫೊನಿಯೆಟಾ’ ಇದೆ, ನಡುವೆ ಬಾಖ್ ಕೂಡ ಇದ್ದಾನೆ. ವಿಚಿತ್ರವೆಂದರೆ, ಆಲ್ಬಮ್ ಮೊದಲು ಹೊರಬಂದಾಗ ಇವರ ಹೆಸರುಗಳನ್ನೇ ಕೊಟ್ಟಿರಲಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಸಂಗೀತದ ಪ್ರಶ್ನೆ. ಬಾರ್ಟಾಕ್ 1911ರಲ್ಲೇ ಪಿಯಾನೊವನ್ನು ತಾಳವಾದ್ಯದಂತೆ ಬಡಿದು ನುಡಿಸಿದ್ದ. ಅದಕ್ಕೆ ಫಝ್ ಬೇಸು, ಡ್ರಮ್ಸು ಸೇರಿಸಿದರೆ ಸದ್ದು ದೊಡ್ಡದಾಗುತ್ತದೆ, ಆಲೋಚನೆ ಇದ್ದಲ್ಲೇ ಇರುತ್ತದೆ. 1971ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್ ಸಿಟಿ ಹಾಲ್‌ನಲ್ಲಿ ಧ್ವನಿಮುದ್ರಿಸಿದ ಮುಸೋರ್ಗ್ಸ್ಕಿಯ ‘ಪಿಕ್ಚರ್ಸ್ ಆ್ಯಟ್ ಆ್ಯನ್ ಎಕ್ಸಿಬಿಷನ್’ನಲ್ಲೂ ನನಗೆ ಹಿಡಿಸುವುದು ಮೂಲದಲ್ಲಿ ಇಲ್ಲದ ‘ಬ್ಲೂಸ್ ವೇರಿಯೇಷನ್’ ಎಂಬ ತುಂಡು. ಅಲ್ಲಿ ಮೂವರೂ ಹಾಳೆಯ ಹಂಗು ಬಿಟ್ಟು, ತಾವು ಹುಡುಗರಾಗಿದ್ದಾಗ ಕಲಿತ ಭಾಷೆಯಲ್ಲಿ ಮಾತಾಡತೊಡಗುತ್ತಾರೆ. ರಷ್ಯದ ಚಿತ್ರಶಾಲೆಯ ನಡುವೆ ಬ್ಲೂಸ್ ಬಂದೊಡನೆ ನುಡಿಸುವವರ ಮೈ ಸಡಿಲಾದದ್ದು ಕಿವಿಗೇ ಗೊತ್ತಾಗುತ್ತದೆ.

ಇದಕ್ಕೆ ಅಪವಾದವೂ ಇದೆ. 1973ರ ‘ಬ್ರೇನ್ ಸ್ಯಾಲಡ್ ಸರ್ಜರಿ’ಯ ‘ಟೊಕಾಟಾ’ ಅರ್ಜೆಂಟೀನಾದ ಆಲ್ಬೆರ್ತೊ ಜಿನಾಸ್ತೆರಾ ಅವರ ಮೊದಲ ಪಿಯಾನೊ ಕಾನ್ಚೆರ್ಟೊದಿಂದ ಬಂದದ್ದು. ಎಮರ್ಸನ್ ಜಿನೀವಾಕ್ಕೆ ಹೋಗಿ ಸಂಯೋಜಕರಿಗೇ ಅದನ್ನು ಕೇಳಿಸಿ ಒಪ್ಪಿಗೆ ಪಡೆದರು. ಇಲ್ಲಿ ಸಿಂಥಸೈಜರ್ ಮೂಲವನ್ನು ಅಲಂಕರಿಸದೆ ಅದರ ಒರಟುತನವನ್ನು ಪಿಯಾನೊ ಮುಟ್ಟಲಾರದ ಕಡೆಗೆ ಎಳೆದೊಯ್ಯುತ್ತದೆ. ಯೆಸ್ ಬ್ಯಾಂಡಿನ ರಿಕ್ ವೇಕ್‌ಮನ್ 1971ರ ‘ಫ್ರ್ಯಾಜೈಲ್’ನಲ್ಲಿ ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯ ಒಂದು ಭಾಗವನ್ನು ಕೀಬೋರ್ಡುಗಳ ಮೇಲೆ ನುಡಿಸಿದ್ದು ಅಲಂಕಾರವಾಗಿಯೇ ಉಳಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕಿಂಗ್ ಕ್ರಿಮ್ಸನ್ ಹಿಡಿದ ದಾರಿ ಬೇರೆ. 1969ರಲ್ಲಿ ಅವರು ವೇದಿಕೆಯ ಮೇಲೆ ಹೋಲ್ಸ್ಟ್‌ನ ‘ಮಾರ್ಸ್’ ನುಡಿಸುತ್ತಿದ್ದರು. ಧ್ವನಿಮುದ್ರಣಕ್ಕೆ ವಾರಸುದಾರರ ಅನುಮತಿ ಸಿಗದಾಗ ಮುಂದಿನ ವರ್ಷ ‘ದಿ ಡೆವಿಲ್ಸ್ ಟ್ರಯಾಂಗಲ್’ ಎಂದು ಬೇರೆಯೇ ರೂಪ ಕೊಟ್ಟರು. ಆದರೆ ಅವರ ಅಸಲು ಕಸುಬು ಕಾಣುವುದು ಮೊದಲ ಆಲ್ಬಮ್ಮಿನ ‘21ನೇ ಸೆಂಚುರಿ ಸ್ಕಿಝಾಯ್ಡ್ ಮ್ಯಾನ್’ನಲ್ಲಿ. ಗ್ರೆಗ್ ಲೇಕ್ ಅವರ ಧ್ವನಿಯನ್ನು ಕೆದರಿ ಕರ್ಕಶ ಮಾಡಿದ ಸಾಲುಗಳು ಮುಗಿಯುತ್ತಲೇ ನಡೆ ಚುರುಕಾಗುತ್ತದೆ. ಇಯಾನ್ ಮೆಕ್‌ಡೊನಾಲ್ಡ್ ಅವರ ಸ್ಯಾಕ್ಸೊಫೋನು, ರಾಬರ್ಟ್ ಫ್ರಿಪ್ ಅವರ ಗಿಟಾರು ಒಂದರ ಮೈಗೆ ಒಂದು ಒತ್ತಿಕೊಂಡು ಓಡುತ್ತವೆ. ಆಮೇಲೆ ಆ ಪ್ರಸಿದ್ಧ ಭಾಗ: ನಾಲ್ವರೂ ಒಟ್ಟಿಗೆ ಪುಟ್ಟ ಪುಟ್ಟ ಸ್ವರಗುಚ್ಛಗಳನ್ನು ಸಿಡಿಸಿ ಥಟ್ಟನೆ ನಿಲ್ಲುತ್ತಾರೆ, ಮತ್ತೆ ಸಿಡಿಸುತ್ತಾರೆ, ಮತ್ತೆ ನಿಲ್ಲುತ್ತಾರೆ. ನಡುವಿನ ಮೌನಗಳ ಅಳತೆಯನ್ನು ಮೈಕೇಲ್ ಜೈಲ್ಸ್ ಅವರ ಡ್ರಮ್ಸು ಒಂದು ಕೂದಲೆಳೆಯೂ ತಪ್ಪದಂತೆ ಕಾಯುತ್ತದೆ. ಈ ಶಿಸ್ತು ಜಾಝ್‌ನದು. ಬೀಬಾಪ್ ವಾದಕರು ಎರಡು ವಾದ್ಯಗಳನ್ನು ಒಂದೇ ಮಟ್ಟಿನ ಮೇಲೆ ಓಡಿಸುತ್ತಿದ್ದ ಕ್ರಮವೇ ಇಲ್ಲಿ ವಿದ್ಯುತ್ ತುಂಬಿಕೊಂಡು ಬಂದಿದೆ. ಇಡೀ ಹಾಡಿನಲ್ಲಿ ಯಾರ ಕೃತಿಯನ್ನೂ ಉದ್ಧರಿಸಿಲ್ಲ. ಹಿರಿಯರು ನುಡಿಸುವವರ ಬೆರಳಿಗೆ ಇಳಿದಿದ್ದಾರೆ.

ಫ್ರಿಪ್ ಬಾರ್ಟಾಕ್‌ನಿಂದಲೂ ಕಲಿತವರು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಾರ್ಟಾಕ್‌ನನ್ನು ನುಡಿಸಿದ್ದರೆ ಹೇಗಿರುತ್ತಿತ್ತು ಎಂಬ ಕುತೂಹಲ ತಮ್ಮನ್ನು ನಡೆಸಿತು ಎಂಬ ಅರ್ಥದ ಮಾತನ್ನು ಅವರು ಹಲವು ಬಾರಿ ಆಡಿದ್ದಾರೆ. 1973ರ ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ನಲ್ಲಿ ಇದರ ಫಲವಿದೆ. ಎಮರ್ಸನ್ ಬಾರ್ಟಾಕ್‌ನ ಸ್ವರಗಳನ್ನು ತಂದರು, ಫ್ರಿಪ್ ತಂದದ್ದು ಅವನ ಒತ್ತಡವನ್ನು. ನನ್ನ ಕಿವಿಗೆ ಫ್ರಿಪ್ ಅವರ ಕೃತಿಯೇ ಬಾರ್ಟಾಕ್‌ಗೆ ಹತ್ತಿರ.

ಜೆನಿಸಿಸ್ ಬ್ಯಾಂಡಿನ ಕಥೆ ಇನ್ನೂ ಸೂಕ್ಷ್ಮ. ಸರ್ರೆಯ ಚಾರ್ಟರ್‌ಹೌಸ್ ಎಂಬ ಹಳೆಯ ವಸತಿ ಶಾಲೆಯಲ್ಲಿ ಹುಟ್ಟಿದ ತಂಡ ಅದು. ಟೋನಿ ಬ್ಯಾಂಕ್ಸ್ ಅವರ ಕೀಬೋರ್ಡಿನಲ್ಲಿ ಒಂದರ ಬೆನ್ನಿಗೆ ಒಂದು ನಿಧಾನವಾಗಿ ಮೇಲೇರುವ ಸ್ವರಮೇಳಗಳ ಹಿಂದೆ ಶಾಲೆಯ ಪ್ರಾರ್ಥನೆಯ ಕೀರ್ತನೆಗಳಿವೆ. ಅದೇ ಶಾಲೆಯ ಪೀಟರ್ ಗೇಬ್ರಿಯಲ್ 1966ರಲ್ಲಿ ಬ್ರಿಕ್ಸ್ಟನ್‌ನ ರ‍್ಯಾಮ್ ಜ್ಯಾಮ್ ಕ್ಲಬ್ಬಿಗೆ ಹೋಗಿ ಸೋಲ್ ಗಾಯಕ ಓಟಿಸ್ ರೆಡಿಂಗ್ ಹಾಡುವುದನ್ನು ಕೇಳಿ ಬಂದರು, ಆ ರಾತ್ರಿಯನ್ನು ಮರೆಯಲೇ ಇಲ್ಲ. 1972ರ ‘ಫಾಕ್ಸ್‌ಟ್ರಾಟ್’ನಲ್ಲಿರುವ ಇಪ್ಪತ್ಮೂರು ನಿಮಿಷಗಳ ‘ಸಪ್ಪರ್ಸ್ ರೆಡಿ’ಯನ್ನು ಈ ಎರಡು ಪಾಠಗಳನ್ನು ನೆನಪಿಟ್ಟುಕೊಂಡು ಕೇಳಿ. ಕೊನೆಗೆ ಹತ್ತಿರದಲ್ಲಿ ಬೇಸು, ಗಿಟಾರು, ಡ್ರಮ್ಸು ಒಂಬತ್ತರ ಒಂದೇ ವರಸೆಯನ್ನು ಬಿಡದೆ ಹಿಡಿದಿರುತ್ತವೆ. ಬ್ಯಾಂಕ್ಸ್ ಅವರ ಆರ್ಗನ್ ಆ ಒಂಬತ್ತನ್ನು ಲೆಕ್ಕಿಸದೆ ಮೇಲೆ ತನ್ನ ಪಾಡಿಗೆ ಅಲೆಯುತ್ತ ಹೋಗುತ್ತದೆ. ಎಳೆದು ಎಳೆದು ಇನ್ನು ತಡೆಯಲಾಗದು ಎನ್ನುವಾಗ ಗೇಬ್ರಿಯಲ್ ಹಾಡಿಗೆ ನುಗ್ಗುತ್ತಾರೆ. ಏರುತ್ತಿರುವ ಸ್ವರಮೇಳ ಚರ್ಚಿನದು. ನುಗ್ಗುವ ಗಂಟಲು, ಪದವನ್ನು ಸೀಳಿ ಬಿಡುವ ಆ ಕೂಗು ಸೋಲ್ ಗಾಯಕರದು. ಒಂದನ್ನು ತೆಗೆದರೂ ಈ ಕೃತಿ ಕುಸಿಯುತ್ತದೆ.

ಮುಚ್ಚಿದ್ದ ಆ ಸೋಲ್ ಪಾಠ ಮುಂದೆ ಹೊರಗೆ ಬಂತು. 1982ರಲ್ಲಿ ಜೆನಿಸಿಸ್ ತಂಡದ ಫಿಲ್ ಕಾಲಿನ್ಸ್ ಸುಪ್ರೀಮ್ಸ್ ತಂಡದ ‘ಯು ಕಾಂಟ್ ಹರಿ ಲವ್’ ಹಾಡಿದರು. 1986ರ ‘ಸ್ಲೆಡ್ಜ್‌ಹ್ಯಾಮರ್’ಗೆ ಗೇಬ್ರಿಯಲ್ ಕರೆಸಿದ್ದು ಓಟಿಸ್ ರೆಡಿಂಗ್ ಜತೆ ನುಡಿಸಿದ್ದ ತುತ್ತೂರಿ ವಾದಕ ವೇಯ್ನ್ ಜ್ಯಾಕ್ಸನ್ ಅವರನ್ನು. ಅಭಿಮಾನಿಗಳು ಇದನ್ನು ಮಾರುಕಟ್ಟೆಗೆ ಶರಣಾಗತಿ ಎಂದರು. ಆ ಇಬ್ಬರು ಗಾಯಕರು ತಮ್ಮ ಗುರುಗಳನ್ನು ಕೊನೆಗೂ ಬಹಿರಂಗವಾಗಿ ಹೆಸರಿಸಿದರು ಎಂದೇ ನಾನು ಅದನ್ನು ಕೇಳುತ್ತೇನೆ.

ಉದಾಹರಣೆಗಳಿಗೆ ಬರವಿಲ್ಲ. ಜೆಥ್ರೊ ಟಲ್ ಎಂದರೆ 1969ರಲ್ಲಿ ನುಡಿಸಿದ ಬಾಖ್‌ನ ‘ಬೂರೇ’ ಎಲ್ಲರಿಗೂ ನೆನಪಾಗುತ್ತದೆ. ಅದಕ್ಕೂ ಹಿಂದಿನ ವರ್ಷ, ಮೊದಲ ಆಲ್ಬಮ್ಮಿನಲ್ಲಿ, ಇಯಾನ್ ಆಂಡರ್ಸನ್ ಕೊಳಲಿನಲ್ಲಿ ನುಡಿಸಿದ್ದು ಕಪ್ಪು ಜಾಝ್ ಕಲಾವಿದ ರೋಲಂಡ್ ಕರ್ಕ್ ಅವರ ‘ಸೆರನೇಡ್ ಟು ಎ ಕುಕೂ’. ಊದುತ್ತಲೇ ಗಂಟಲಲ್ಲಿ ಗುನುಗುವ ಕರ್ಕ್ ಅವರ ಆ ಧಾಟಿಯಲ್ಲೇ ಅವರು ಬಾಖ್‌ನನ್ನೂ ನುಡಿಸಿದರು. ಪಿಂಕ್ ಫ್ಲಾಯ್ಡ್ ಎಂಬ ಹೆಸರೇ ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಗಾಯಕರಿಂದ ಬಂತು. 1973ರ ‘ಮನಿ’ ಹಾಡನ್ನು ಏಳರ ಲಯಕ್ಕಾಗಿ ಹೊಗಳುತ್ತಾರೆ. ಮಿಶ್ರಛಾಪಿನಲ್ಲಿ ದೇವರನಾಮ ಕೇಳಿ ಬೆಳೆದ ನಮ್ಮ ಕಿವಿಗೆ ಏಳು ಎಂಬುದೊಂದೇ ಬೆರಗಲ್ಲ. ಬೆರಗು ಇರುವುದು ಬ್ಲೂಸ್‌ನ ಹಳೆಯ ಕಟ್ಟನ್ನೇ ಆ ಏಳರೊಳಗೆ ಕೂರಿಸಿದ್ದರಲ್ಲಿ. ಗಿಟಾರ್ ಸರದಿ ಬಂದಾಗ ನಡೆ ನಾಲ್ಕಕ್ಕೆ ಮರಳುತ್ತದೆ. ಡೇವಿಡ್ ಗಿಲ್ಮರ್ ಬ್ಲೂಸ್ ನುಡಿಸಬೇಕಾಗಿತ್ತು, ಅದಕ್ಕೆ ನಾಲ್ಕೇ ಸಹಜವಾಗಿತ್ತು.

ಕ್ಯಾಂಟರ್ಬರಿಯ ಸಾಫ್ಟ್ ಮಷಿನ್ ತಂಡದ ದಾರಿ ನಮ್ಮ ನೆಲದ ಹತ್ತಿರವೂ ಹಾಯುತ್ತದೆ. ಅವರ 1970ರ ‘ಥರ್ಡ್’ನ ಕೊನೆಯ ಕೃತಿಯಲ್ಲಿ ಟೇಪ್ ಸುರುಳಿಗಳು ಒಂದರ ಮೇಲೊಂದು ಸುತ್ತುವ ಆರಂಭಕ್ಕೆ ಅಮೆರಿಕದ ಟೆರಿ ರೈಲಿ ಮಾದರಿ. ಅದೇ ವರ್ಷ ರೈಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾನಾ ಘರಾನೆ, ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಗದುಗಿನ ಭೀಮಸೇನ ಜೋಶಿಯವರು ಹಾಡಿದ ಅದೇ ಘರಾನೆ. ಸಾಫ್ಟ್ ಮಷಿನ್‌ಗೆ ಇದು ನೇರ ಪ್ರಭಾವವಲ್ಲ. ರೈಲಿ ಮಾತ್ರ ಪ್ರಸಿದ್ಧರಾದ ಮೇಲೂ ಗುರುವಿನ ಎದುರು ಕೂತು ವರ್ಷಗಟ್ಟಲೆ ಕಲಿತರು. ಯೆಸ್ ತಂಡದ ಜಾನ್ ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಿಂದ ನಾಲ್ಕು ಬದಿಗಳ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’ ಕಟ್ಟಿದ್ದಕ್ಕೂ ರೈಲಿಯವರ ಕಲಿಕೆಗೂ ಬಹಳ ಅಂತರವಿದೆ. ಆ ಆಲ್ಬಮ್ ಅಲ್ಲಲ್ಲಿ ಬಹಳ ಸುಂದರ, ಆದರೆ ಅದರಲ್ಲಿ ಶಾಸ್ತ್ರಗಳ ಹೆಸರಿದೆಯೇ ಹೊರತು ಭಾರತೀಯ ಸಂಗೀತದ ಶಿಸ್ತಿಲ್ಲ. ಅದೇ ಯೆಸ್ 1972ರ ‘ಕ್ಲೋಸ್ ಟು ದಿ ಎಡ್ಜ್’ನಲ್ಲಿ ಗೆದ್ದದ್ದು ಯುರೋಪಿನ ಸಂಯೋಜಕ ಸಿಬೇಲಿಯಸ್ ಒಬ್ಬನಿಂದ ಅಲ್ಲ. ಅಮೆರಿಕದ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಅವರನ್ನು ಕೇಳಿ ಪಳಗಿದ ಸ್ಟೀವ್ ಹೌ ಅವರ ಬೆರಳು, ಜಾಝ್ ನೋಡುತ್ತ ಬೆಳೆದ ಬಿಲ್ ಬ್ರುಫೋರ್ಡ್ ಅವರ ಡ್ರಮ್ಸು ಆ ಕೃತಿಯನ್ನು ನೆಲಕ್ಕೆ ಕಟ್ಟಿ ಹಿಡಿದಿವೆ.

ಎಂಬತ್ತರ ದಶಕಕ್ಕೆ ಈ ಪಂಥವೇ ಇನ್ನೊಂದು ಪೀಳಿಗೆಗೆ ಹಿರಿಯರ ಮನೆಯಾಯಿತು. ಮೆರಿಲಿಯನ್ ತಂಡದ 1982ರ ‘ಗ್ರೆಂಡೆಲ್’ನ ಕೊನೆಯ ಭಾಗ ಕೇಳಿದವರಿಗೆ ‘ಸಪ್ಪರ್ಸ್ ರೆಡಿ’ಯ ಆ ಒಂಬತ್ತು ತಕ್ಷಣ ಗುರುತು ಸಿಗುತ್ತದೆ. ಗಾಯಕ ಫಿಶ್ ಮುಖಕ್ಕೆ ಬಣ್ಣ ಬಳಿದು ನಿಂತದ್ದೂ ಗೇಬ್ರಿಯಲ್ ಅವರಂತೆಯೇ. ಜೆನಿಸಿಸ್ ಚರ್ಚಿನಿಂದ, ಬ್ರಿಕ್ಸ್ಟನ್ನಿನ ಕ್ಲಬ್ಬಿನಿಂದ ಕಲಿತಿದ್ದರೆ ಇವರು ಜೆನಿಸಿಸ್‌ನಿಂದ ಕಲಿತರು. ಮೆರಿಲಿಯನ್ ತನ್ನ ಸ್ವಂತ ದನಿ ಕಂಡುಕೊಂಡದ್ದು 1987ರ ‘ಕ್ಲಚಿಂಗ್ ಆ್ಯಟ್ ಸ್ಟ್ರಾಸ್’ನಲ್ಲಿ, ಪುರಾಣಗಳನ್ನು ಬಿಟ್ಟು ಕುಡಿತದ ಬಗ್ಗೆ, ಬಾರುಗಳ ಒಂಟಿತನದ ಬಗ್ಗೆ ಹಾಡಿದಾಗ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ 1985ರಲ್ಲಿ ಕೂಡಿದ ಡ್ರೀಮ್ ಥಿಯೇಟರ್‌ನ ಕೈಚಳಕಕ್ಕೆ ತಲೆಬಾಗಲೇಬೇಕು. ಆದರೂ ಅವರ ಕಠಿಣ ಎಣಿಕೆಗಳಲ್ಲಿ ನಾನು ಹುಡುಕುವ ತೂಗಾಟ, ತಾಳ ಕೊಂಚ ಹಿಂದೆ ವಾಲಿ ನಿಲ್ಲುವ ಆ ಜೀವ, ಅಪರೂಪ. ಸ್ಟೀವನ್ ವಿಲ್ಸನ್ 2013ರ ‘ದಿ ರೇವನ್ ದಟ್ ರಿಫ್ಯೂಸ್ಡ್ ಟು ಸಿಂಗ್’ಗಾಗಿ ಪಿಂಕ್ ಫ್ಲಾಯ್ಡ್ ತಂಡದ ‘ಡಾರ್ಕ್ ಸೈಡ್ ಆಫ್ ದಿ ಮೂನ್’ನ ಧ್ವನಿ ಎಂಜಿನಿಯರ್ ಅಲನ್ ಪಾರ್ಸನ್ಸ್ ಅವರನ್ನೇ ಕರೆತಂದರು. ಆ ಆಲ್ಬಮ್ ನನಗೆ ಇಷ್ಟ. ಆದರೂ ಒಂದು ಸಂಗತಿ ಚುಚ್ಚುತ್ತದೆ: ಅದರಲ್ಲಿ ಕೇಳಿಬರುವ ಮೆಲೊಟ್ರಾನ್ ಎಂಬ ಕೀಬೋರ್ಡು ಮೊದಲ ಪೀಳಿಗೆಯ ಕಾಲದಲ್ಲಿ ಪ್ರತಿ ಕೀಲಿಗೂ ಎಂಟೇ ಸೆಕೆಂಡಿನ ಟೇಪು ಹೊತ್ತ, ಮಾತು ಕೇಳದ ಹೊಸ ಯಂತ್ರವಾಗಿತ್ತು, ಇಂದು ಅದು ಹಳೆಯ ಕಾಲದ ಪರಿಮಳ.

ಹಾಗಾಗಿ ಮೊದಲ ಪೀಳಿಗೆಯ ನಿಜವಾದ ವಾರಸುದಾರರನ್ನು ನಾನು ಪಂಥದ ಹೊರಗೆ ಹುಡುಕುತ್ತೇನೆ. ರೇಡಿಯೊಹೆಡ್ ತಮ್ಮನ್ನು ಪ್ರೊಗ್ರೆಸಿವ್ ರಾಕ್ ಎಂದರೆ ಒಪ್ಪುವವರಲ್ಲ. 1997ರ ‘ಓಕೆ ಕಂಪ್ಯೂಟರ್’ ಮಾಡುವಾಗ ಅವರು ಕಿವಿಗೊಟ್ಟದ್ದು ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’ಗೆ, ಡಿಜೆ ಶ್ಯಾಡೊ ಅವರ ಕತ್ತರಿಸಿ ಜೋಡಿಸಿದ ಡ್ರಮ್ಸಿಗೆ. ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್‌ಗೆ ಸಂಯೋಜಕರಾದ ಪೆಂಡೆರೆಟ್ಸ್ಕಿ, ಮೆಸಿಯಾನ್ ಪ್ರಿಯರು. 2001ರ ‘ಪಿರಮಿಡ್ ಸಾಂಗ್’ ಚಾರ್ಲ್ಸ್ ಮಿಂಗಸ್ ಅವರ ‘ಫ್ರೀಡಮ್’ ಕೇಳಿದ ಮೇಲೆ ಹುಟ್ಟಿದ್ದು. ಥಾಮ್ ಯಾರ್ಕ್ ಅವರ ಪಿಯಾನೊ ಸ್ವರಮೇಳಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಬೀಳುತ್ತ ಎಣಿಕೆಗೇ ಸಿಗುವುದಿಲ್ಲ. ಎರಡು ನಿಮಿಷ ಕಳೆದ ಮೇಲೆ ಫಿಲ್ ಸೆಲ್ವೇ ಡ್ರಮ್ಸ್ ಹಿಡಿದಾಗ, ಅಷ್ಟು ಹೊತ್ತು ದಿಕ್ಕಿಲ್ಲದಂತೆ ಕೇಳಿದ್ದ ಪಿಯಾನೊ ಮೊದಲಿನಿಂದಲೂ ತಾಳದಲ್ಲೇ ಇತ್ತು ಎಂಬುದು ತಿಳಿಯುತ್ತದೆ.