ಲೈಕೆನ್ ಸ್ಕ್ಲಿರೋಸಸ್: 507 ಮಹಿಳೆಯರ ಅಧ್ಯಯನ ಹೇಳುವುದೇನು?

ಸ್ತ್ರೀಯರ ಹೊರ ಜನನಾಂಗದ ಹೆಸರು ಭಗ. ಯೋನಿ ಎಂದರೆ ಒಳಗಿನ ನಾಳ. ನಮ್ಮ ಬರಹಗಳಲ್ಲಿ ಎರಡನ್ನೂ 'ಯೋನಿ' ಎಂದುಬಿಡುವ ರೂಢಿಯಿದೆ. ಆದರೆ ಲೈಕೆನ್ ಸ್ಕ್ಲಿರೋಸಸ್ ಎಂಬ ಉರಿಯೂತ ಬರುವುದು ಭಗದ ಚರ್ಮಕ್ಕೆ. ಯೋನಿಯ ಒಳಪದರವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. (ಲೈಕೆನ್ ಎಂದೊಡನೆ ನೆನಪಾಗುವ ಕಲ್ಲುಹೂವಿಗೂ ಇದಕ್ಕೂ ಸಂಬಂಧವಿಲ್ಲ.)

ಋತುಬಂಧದ ನಂತರ ಇದು ಹೆಚ್ಚು, ಬಾಲಕಿಯರಲ್ಲೂ ಕಾಣಿಸುತ್ತದೆ. ನಿದ್ದೆಗೆಡಿಸುವ ನವೆ, ಬಿಳಿಚಿ ತೆಳು ಕಾಗದದಂತೆ ಸುಕ್ಕುಗಟ್ಟಿದ ಚರ್ಮ ಇದರ ಗುರುತು. ಇದು ಅಂಟುರೋಗವಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ವಿರುದ್ಧ ತಿರುಗಿರುವಂತೆ ತೋರುತ್ತದೆ. ನವೆ ಎಂದರೆ ಶಿಲೀಂಧ್ರ ಎಂದು ಭಾವಿಸಿ, ನೋಡದೆಯೇ ಮುಲಾಮು ಬರೆದುಕೊಟ್ಟರೆ ತಿಂಗಳುಗಳೇ ವ್ಯರ್ಥ. ಅಷ್ಟರಲ್ಲಿ ಒಳತುಟಿಗಳು ಕುಗ್ಗಿ ಅಂಟಿಕೊಳ್ಳಬಹುದು. ಕೆಲವರಲ್ಲಿ ಕ್ಯಾನ್ಸರ್ ಕೂಡ ಬರುತ್ತದೆ.

ಪ್ರಬಲ ಸ್ಟೀರಾಯ್ಡ್ ಮುಲಾಮು (ಸಾಮಾನ್ಯವಾಗಿ 0.05% ಕ್ಲೊಬೆಟಸಾಲ್) ಇದಕ್ಕೆ ಮೊದಲ ಚಿಕಿತ್ಸೆ. ನವೆ ನಿಂತ ಮೇಲೂ ಹಚ್ಚುತ್ತಿರಬೇಕೆ? ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 507 ಮಹಿಳೆಯರನ್ನು ಅನುಸರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಉತ್ತರ: ಹೌದು. ಸೂಚನೆಯಂತೆ ಮುಲಾಮು ಬಳಸಿದ 357 ಮಂದಿಯಲ್ಲಿ ಯಾರಿಗೂ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ ಬರಲಿಲ್ಲ. ಆಗೊಮ್ಮೆ ಈಗೊಮ್ಮೆ ಬಳಸಿದ 150 ಮಂದಿಯಲ್ಲಿ 7 ಮಂದಿಗೆ ಬಂತು. ಚರ್ಮ ಅಂಟುವಿಕೆ, ಕಲೆಗಟ್ಟುವಿಕೆ ಮೊದಲ ಗುಂಪಿನಲ್ಲಿ 3.4%, ಎರಡನೆಯದರಲ್ಲಿ 40%.

ಇದು ಆಕಸ್ಮಿಕವೇ? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 507 ಚೀಟಿಗಳಿಂದ ಕಣ್ಣುಮುಚ್ಚಿ 7 ಎತ್ತಿದರೆ, ಏಳೂ ಆ 150ರೊಳಗಿನವೇ ಆಗುವ ಸಂಭವ ಸುಮಾರು 5,500ರಲ್ಲಿ ಒಂದು. ಆಕಸ್ಮಿಕ ಎನ್ನುವುದು ಕಷ್ಟ.

ತೊಡಕು ಬೇರೆಡೆ ಇದೆ. ಗುಂಪುಗಳನ್ನು ಮಾಡಿದ್ದು ಚೀಟಿ ಎತ್ತಿ ಅಲ್ಲ. ಯಾರು ಯಾವ ಗುಂಪು ಎಂಬುದು ಮಹಿಳೆಯರ ಹೇಳಿಕೆಯಿಂದಲೇ ನಿರ್ಧಾರವಾಯಿತು. ಮುಲಾಮನ್ನು ತಪ್ಪದೆ ಹಚ್ಚುವವರು ಬೇರೆ ವಿಷಯಗಳಲ್ಲೂ ಆರೋಗ್ಯದ ಬಗ್ಗೆ ಎಚ್ಚರವಿರುವವರಾಗಿರಬಹುದು. ಅದರ ಫಲವೂ ಮುಲಾಮಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಸರಾಸರಿ ಅನುಸರಣೆ 4.7 ವರ್ಷ ಮಾತ್ರ. ನಿಧಾನವಾಗಿ ಬೆಳೆಯುವ ಕ್ಯಾನ್ಸರಿಗೆ ಇದು ಹೆಚ್ಚೇನಲ್ಲ. ಆದ್ದರಿಂದ 'ಮುಲಾಮು ಕ್ಯಾನ್ಸರನ್ನು ತಡೆಯುತ್ತದೆ' ಎಂಬುದು ಈ ಅಂಕಿಗಳಿಗಿಂತ ಒಂದು ಹೆಜ್ಜೆ ಮುಂದಿನ ಮಾತು. ಕಲೆಗಟ್ಟುವಿಕೆಯ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಅನುಮಾನವಿಲ್ಲ. ಉರಿಯೂತ ಅಡಗಿದರೆ ಕಲೆ ಕಡಿಮೆ ಎಂಬುದಕ್ಕೆ ಸರಳ ಕಾರಣವಿದೆ, ವ್ಯತ್ಯಾಸವೂ ತೀರ ದೊಡ್ಡದು.

ಸ್ಟೀರಾಯ್ಡ್ ಎಂದರೆ ಚರ್ಮ ತೆಳುವಾಗುತ್ತದೆ ಎಂಬ ಭಯ ಎಲ್ಲೆಡೆ ಇದೆ. ಅಂಗಡಿಯಲ್ಲಿ ಕೇಳಿ ಕೊಂಡು, ಹುಳುಕಡ್ಡಿಗೆಲ್ಲ ಸ್ಟೀರಾಯ್ಡ್ ಮಿಶ್ರಣ ಬಳಿದುಕೊಳ್ಳುವ ನಮ್ಮ ದೇಶದಲ್ಲಿ ಆ ಭಯ ಸಕಾರಣ. ಆದರೆ ಈ ಅಧ್ಯಯನದಲ್ಲಿ ಕ್ರಮವಾಗಿ ಬಳಸಿದವರ ಪೈಕಿ ಚರ್ಮ ತೆಳುವಾದದ್ದು 1.1% ಮಂದಿಯಲ್ಲಿ, ಅದೂ ಸರಿಹೋಗುವಂಥದ್ದು. ವೈದ್ಯರ ನಿಗಾ ಇತ್ತು ಎಂಬುದನ್ನು ಮರೆಯಬಾರದು. ಮಾಯದ ಹುಣ್ಣು, ಗಟ್ಟಿ ಗಂಟು ಕಂಡರೆ ಮುಲಾಮು ಸಾಲದು; ಅಂಗಾಂಶದ ಚೂರು ತೆಗೆದು ಪರೀಕ್ಷಿಸಲೇಬೇಕು.

ಚೀಟಿ ಎತ್ತಿ ಒಂದು ಗುಂಪಿಗೆ ಔಷಧ ಕೊಡದೆ ವರ್ಷಗಟ್ಟಲೆ ಕಾಯುವ ಪ್ರಯೋಗವನ್ನು ಇನ್ನು ಮಾಡುವಂತಿಲ್ಲ. ಸಿಡ್ನಿಯಂಥ ಇನ್ನಷ್ಟು ಅಧ್ಯಯನಗಳು ಬೇರೆ ಊರುಗಳಲ್ಲಿ, ಹೆಚ್ಚು ವರ್ಷ ನಡೆಯಬೇಕಷ್ಟೆ.